ಸುಣ್ಣದಣ್ಣ ಮತ್ತು ರಕ್ತದೊಳಗಿನ ಬೀಗರು

ಅವನನ್ನು ಎಲ್ಲರೂ ಸುಣ್ಣದಣ್ಣ ಎಂದೇ ಕರೆಯುತ್ತಿದ್ದರು. ಸುಣ್ಣದ ಕಾಲ ಮುಗಿದು ಡಬ್ಬಿ ಬಣ್ಣದ ಕಾಲ ಬಂದು ಎಷ್ಟೋ ವರ್ಷವಾಗಿದ್ದರೂ ಹೆಸರು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಹುಬ್ಬಿನ ಮೇಲೆ ಸದಾ ಬಿಳಿ ಧೂಳು. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಬಂದರೂ ಕಿವಿಯ ಹಿಂದೆ ಒಂದು ಚುಕ್ಕೆ ಉಳಿದೇ ಇರುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಏಣಿಯಿಂದ ಇಳಿಯುವಷ್ಟರಲ್ಲಿ ವಯಸ್ಸಾಗಿ ಹೋಗಿತ್ತು ಎನ್ನುತ್ತಿದ್ದ.

ಬೇರೆ ಪೇಂಟರುಗಳು ಬಣ್ಣಕ್ಕೆ ಹೆಸರಾಗಿದ್ದರೆ ಇವನು ಬಣ್ಣದ ಕೆಳಗಿನ ಕೆಲಸಕ್ಕೆ ಹೆಸರಾದವನು. ಹಳೆಯ ಪದರ ಕೆರೆಯುವುದು, ಬಿರುಕನ್ನು ಕೊರೆದು ಅಗಲ ಮಾಡಿ ಪುಟ್ಟಿ ತುಂಬುವುದು, ಒಣಗಿದ ಮೇಲೆ ಉಜ್ಜಿ ಉಜ್ಜಿ, ಕೈಯಾಡಿಸಿದರೂ ಬಿರುಕು ಎಲ್ಲಿತ್ತೆಂದು ತಿಳಿಯದಂತೆ ಮಾಡುವುದು. ಮನೆಯವರು ಅವಸರ ಮಾಡಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನಿಗೆ ಒಬ್ಬಳೇ ತಂಗಿ, ಅವನಿಗಿಂತ ಎಂಟೊಂಬತ್ತು ವರ್ಷ ಚಿಕ್ಕವಳು. ಅವಳನ್ನು ಹುಟ್ಟಿದಾಗಿನಿಂದ ಪುಟ್ಟಿ ಎಂದು ಕರೆದವನು, ಅವಳ ತಲೆಯಲ್ಲಿ ಬೆಳ್ಳಿಕೂದಲು ಕಂಡ ಮೇಲೂ ಹಾಗೇ ಕರೆಯುತ್ತಿದ್ದ. ನಮ್ಮಣ್ಣನಿಗೆ ಇಬ್ಬರು ಪುಟ್ಟಿಯರು, ಗೋಡೆ ಮೇಲೊಬ್ಬಳು, ಮನೆಯಲ್ಲೊಬ್ಬಳು, ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವಳ ಮನೆ ಅವನ ಕೋಣೆಯಿಂದ ಒಂದು ಬೀದಿ ಆಚೆ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಗಂಡ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು, ಮಾತು ಕಮ್ಮಿ. ಅವಳು ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಹೈಸ್ಕೂಲು ಮುಗಿಸಿ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಸುಣ್ಣದಣ್ಣನ ಸಂಜೆಯ ಊಟ ಅಲ್ಲೇ.

ಅವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಜಂಭ, ಅದು ತನ್ನ ರಕ್ತದ್ದು. ತಂಗಿಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳ ಮುಖ ಕಾಗದದ ಹಾಗೆ ಬೆಳ್ಳಗಾದಾಗ, ಪಕ್ಕದ ಕೋಣೆಯಲ್ಲಿ ಮಲಗಿ ಕೊಟ್ಟಿದ್ದು ಇವನೇ. ಅವಳು ಬದುಕಿದಳು. ಅವತ್ತಿನಿಂದ ವರ್ಷಕ್ಕೆ ಎರಡು ಮೂರು ಸಲ ರಕ್ತನಿಧಿಗೆ ಹೋಗಿ ತೋಳು ಚಾಚುವುದು ಅವನಿಗೆ ರೂಢಿಯಾಯಿತು. ಅಲ್ಲಿಯ ನರ್ಸುಗಳಿಗೆಲ್ಲ ಅವನು ಪರಿಚಿತ. ತಂಗಿಗೂ ಆ ಜಂಭದಲ್ಲಿ ಪಾಲಿತ್ತು. ನನ್ನ ಮೈಯಲ್ಲಿ ಹರಿಯೋದು ಅರ್ಧ ಅಣ್ಣನ ರಕ್ತ, ಅದಕ್ಕೇ ನನಗೂ ಹಟ ಜಾಸ್ತಿ ಎನ್ನುತ್ತಿದ್ದಳು.

ಆ ರಕ್ತನಿಧಿಯಲ್ಲಿ ಹೊಸದೊಂದು ಪರೀಕ್ಷೆ ಶುರುವಾದ ವರ್ಷ ಅವನಿಗೆ ಕರೆ ಬಂತು. ದೊಡ್ಡಾಸ್ಪತ್ರೆಯ ಹಿಂಭಾಗದ ಒಂದು ಕೋಣೆಗೆ ಬಾ ಎಂದರು. ಅಲ್ಲಿದ್ದವಳು ನಡುವಯಸ್ಸಿನ ಡಾಕ್ಟರಮ್ಮ. ಮೇಜಿನ ಮೇಲೆ ಆರಿದ ಚಹಾ, ಗೋಡೆಯ ಮೂಲೆಯಲ್ಲಿ ತೇವದ ಕಲೆ. ಸುಣ್ಣದಣ್ಣನ ಕಣ್ಣು ಮೊದಲು ಹೋಗಿದ್ದು ಆ ಕಲೆಯ ಕಡೆಗೆ. ಒಳಗೆ ಪೈಪು ಸೋರುತ್ತಿದೆ, ಮೇಲಿಂದ ಎಷ್ಟು ಬಳಿದರೂ ನಿಲ್ಲುವುದಿಲ್ಲ ಎಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಅವಳು, ನೀವು ಚಿಕ್ಕವರಿದ್ದಾಗ ಮಣ್ಣಿನ ಮನೆಯಲ್ಲಿದ್ದಿರಾ ಎಂದು ಕೇಳಿದಳು.

ಇದ್ದದ್ದು ನಿಜ. ಅಪ್ಪ ಇದ್ದಿಲು ಸುಡುವ ಕೆಲಸಕ್ಕೆ ಹೋಗುತ್ತಿದ್ದ ಕಾಲ ಅದು. ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಮಾಡು, ಗೋಡೆಯ ತುಂಬ ಬೆರಳು ತೂರುವಷ್ಟು ಬಿರುಕು. ಆ ಬಿರುಕುಗಳಿಂದ ಕತ್ತಲಾದ ಮೇಲೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ತಿಗಣೆಗಳು ಹೊರಬರುತ್ತಿದ್ದವು. ಮಲಗಿದವರ ಮುಖದ ಮೇಲೆ, ತುಟಿಯ ಅಂಚಿನಲ್ಲಿ, ಕಣ್ಣಿನ ಪಕ್ಕ ಕಚ್ಚುತ್ತಿದ್ದವು. ಒಂದು ಬೆಳಗ್ಗೆ ಅವನ ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. ಅಮ್ಮ ಅದಕ್ಕೆ ಬಿಸಿ ಬಟ್ಟೆ ಒತ್ತುತ್ತ, ಒಂದೇ ಕಣ್ಣಲ್ಲಿ ಎಷ್ಟು ಕೆಲಸ ತಪ್ಪಿಸ್ತೀಯೋ ನೋಡೋಣ ಎಂದು ನಕ್ಕಿದ್ದಳು. ಕೆಲವು ದಿನಕ್ಕೆ ಊತ ಇಳಿದು ಎಲ್ಲ ಮರೆತುಹೋಯಿತು.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಆ ಜಾತಿಯ ದೊಡ್ಡ ತಿಗಣೆಯ ಹೇಲಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ ಇರುತ್ತದೆ. ಕಚ್ಚಿದ ಗಾಯದಿಂದಲೋ ಕಣ್ಣಿನಿಂದಲೋ ಒಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ. ಹತ್ತಿಪ್ಪತ್ತು ವರ್ಷ ಸುಮ್ಮನೆ ಕೂತಿರುತ್ತದೆ. ಬಹಳ ಜನರಿಗೆ ಸಾಯುವತನಕ ಏನೂ ಆಗುವುದಿಲ್ಲ. ಕೆಲವರಿಗೆ ಹೃದಯದ ಮಾಂಸದಲ್ಲಿ ಮನೆ ಮಾಡಿಕೊಂಡು ಅದನ್ನು ಸಡಿಲ ಮಾಡಿಬಿಡುತ್ತದೆ. ರೋಗದ ಹೆಸರನ್ನು ಅವಳು ಎರಡು ಸಲ ಹೇಳಿದಳು, ಅವನ ನಾಲಿಗೆಗೆ ಅದು ಹತ್ತಲಿಲ್ಲ. ಅವನ ಹೃದಯ ಗಟ್ಟಿಯಾಗಿದೆ ಎಂದೂ ಹೇಳಿದಳು. ರಕ್ತ ಮಾತ್ರ ಇನ್ನು ಮುಂದೆ ಯಾರಿಗೂ ಕೊಡುವಂತಿಲ್ಲ.

ಅವನು ತೋಳಿನ ಮೇಲಿನ ಹಳೆಯ ಸೂಜಿಗುರುತನ್ನು ಉಜ್ಜಿಕೊಂಡ. ಆಮೇಲೆ ಕೇಳಿದ.

“ಡಾಕ್ಟ್ರೇ, ಕೊಟ್ಟಾಗಿರೋ ರಕ್ತದ ಕತೆ ಏನು?”

ರಕ್ತದ ಮೂಲಕವೂ ಹೋಗಬಹುದು ಎಂದು ಅವಳು ಒಪ್ಪಿಕೊಂಡಳು.

ತಂಗಿಯನ್ನು ಕರೆತಂದ. ಅವಳು ಕೆಲವು ತಿಂಗಳಿಂದ ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಕೂರುತ್ತಿದ್ದಳು. ಮೈ ಬಂದಿದೆ, ಅದಕ್ಕೇ ಏದುಸಿರು ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಪರೀಕ್ಷೆಯಲ್ಲಿ ಅವಳ ರಕ್ತದಲ್ಲೂ ಆ ಜೀವಿ ಸಿಕ್ಕಿತು. ಎದೆಯ ಚಿತ್ರ ತೆಗೆದಾಗ ಹೃದಯ ಊದಿ, ಒಂದು ಕಡೆಯ ಗೋಡೆ ತೆಳುವಾಗಿತ್ತು. ಮಗಳ ರಕ್ತವನ್ನೂ ನೋಡಿದರು. ಅದು ಶುದ್ಧವಾಗಿತ್ತು. ಅಣ್ಣನ ರಕ್ತ ತಾಯಿಯ ಮೈಗೆ ಹೋದದ್ದು ಮಗು ಹೊರಬಂದ ಮೇಲೆ, ತಾಯಿಯಲ್ಲಿ ಮುಂಚೆಯೇ ಇದ್ದಿದ್ದರೂ ಎಲ್ಲ ಮಕ್ಕಳಿಗೂ ದಾಟುವುದಿಲ್ಲ ಎಂದರು. ಆ ಸಂಜೆ ತಂಗಿಯ ಗಂಡ, ಅವನ ಭಾವ, ಮಗಳ ತಲೆಯ ಮೇಲೆ ಕೈ ಇಟ್ಟು ತುಂಬ ಹೊತ್ತು ತೆಗೆಯಲಿಲ್ಲ. ಅವಳು ಕೂದಲು ಕೆದರುತ್ತೆ ಎಂದು ಗೊಣಗಿದಳು, ಆದರೂ ಜರುಗಲಿಲ್ಲ.

ಅಣ್ಣ ತಂಗಿಯರ ನಡುವೆ ಅವತ್ತಿನಿಂದ ಒಂದು ವಾದ ಶುರುವಾಯಿತು. ತಂಗಿಯೂ ಮೂರು ವರ್ಷದ ತನಕ ಆ ಮಣ್ಣಿನ ಮನೆಯಲ್ಲೇ ಮಲಗಿದವಳು. ಹಾಗಾಗಿ ಅವಳಿಗೆ ಬಂದದ್ದು ತಿಗಣೆಯಿಂದಲೋ ಅಣ್ಣನ ರಕ್ತದಿಂದಲೋ? ಅವನು ಡಾಕ್ಟರಮ್ಮನನ್ನು ಎಷ್ಟು ಬಗೆಯಲ್ಲಿ ಕೇಳಿದರೂ ಒಂದೇ ಉತ್ತರ. ಯಾವ ಪರೀಕ್ಷೆಯಲ್ಲೂ ಅದು ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲ ಎಂದ ಮೇಲೆ ಅವನು ತನ್ನ ರಕ್ತವೇ ಎಂದು ತೀರ್ಮಾನಿಸಿಬಿಟ್ಟ. ತಂಗಿ ತಿಗಣೆಯೇ ಎಂದು ಪಟ್ಟು ಹಿಡಿದಳು.

“ನನ್ನ ಮುಖ ನೋಡು. ಆಗ ಎಷ್ಟು ಗುಂಡು ಗುಂಡಾಗಿದ್ದೆ. ಯಾವ ತಿಗಣೆ ತಾನೇ ಬಿಡತ್ತೆ?” ಎಂದು ಅವಳು ಕೆನ್ನೆ ಉಬ್ಬಿಸಿ ತೋರಿಸಿದಳು.

ಅವನು ನಗಲಿಲ್ಲ. ಆ ಜೀವಿಗಳಿಗೆ ಬೀಗರು ಎಂದು ಹೆಸರಿಟ್ಟವಳೂ ಅವಳೇ. ಒಂದು ಸಲ ಮನೆ ಹೊಕ್ಕ ಮೇಲೆ ಎದ್ದು ಹೋಗುವ ಮಾತೇ ಆಡುವುದಿಲ್ಲ, ಉಪಚಾರಕ್ಕೆ ಕಮ್ಮಿಯಾದರೆ ಮನೆಯನ್ನೇ ಕೆಡವುತ್ತಾರೆ, ಇವರು ಬೀಗರಲ್ಲದೆ ಇನ್ಯಾರು ಎಂಬುದು ಅವಳ ತರ್ಕ. ಅಣ್ಣ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ನಿಮ್ಮ ಬೀಗರು ಹೇಗಿದ್ದಾರೆ ಎಂದು ಕೇಳುತ್ತಿದ್ದಳು.

ಅವನ ಮನಸ್ಸನ್ನು ಕೊರೆಯುತ್ತಿದ್ದದ್ದು ತಂಗಿಯೊಬ್ಬಳದೇ ಚಿಂತೆಯಲ್ಲ. ಇಷ್ಟು ವರ್ಷ ತಾನು ಕೊಟ್ಟ ರಕ್ತ ಯಾರ್ಯಾರಿಗೆ ಹೋಯಿತು? ರಕ್ತನಿಧಿಗೆ ಹೋಗಿ ಕೇಳಿದ. ಅಲ್ಲಿದ್ದವನು ಮರ್ಯಾದೆಯಿಂದಲೇ ಮಾತಾಡಿದ. ಹೊಸ ಪರೀಕ್ಷೆ ಬರುವ ಮುಂಚಿನದನ್ನು ಈಗ ಹುಡುಕುವುದಕ್ಕೆ ಆಗದು, ಹುಡುಕಿದರೂ ಜನ ಊರು ಬಿಟ್ಟಿರುತ್ತಾರೆ, ನೀವು ತಿಳಿದು ಮಾಡಿದ್ದಲ್ಲವಲ್ಲ ಎಂದ. ಹೊರಗೆ ಬಂದು ಬಸ್ಸಿಗೆ ನಿಂತರೆ ರಸ್ತೆಯಲ್ಲಿ ಜನವೋ ಜನ. ಏದುಸಿರು ಬಿಡುತ್ತ ದಾಟುತ್ತಿದ್ದ ಒಬ್ಬ ಹೆಂಗಸನ್ನು ಕಂಡು ಅವನು ನಾಲ್ಕು ಹೆಜ್ಜೆ ಅವಳ ಹಿಂದೆಯೇ ಹೋದ. ಅವಳು ಯಾರೋ, ಕೈಯಲ್ಲಿ ಭಾರದ ಚೀಲ ಇತ್ತು, ಅಷ್ಟೇ.

ಆ ಹೊತ್ತಿಗೆ ಡಾಕ್ಟರಮ್ಮನ ವಿಭಾಗಕ್ಕೆ ಒಂದು ಹೊಸ ಮಾತ್ರೆ ಬಂತು. ಹಳೆಯ ಔಷಧ ಒಂದಿತ್ತು, ಆದರೆ ಅದು ಮೈ ಸುಡುವಂಥದ್ದು, ಅರ್ಧಕ್ಕೇ ಬಿಡುವವರೇ ಹೆಚ್ಚು. ಹೊಸದನ್ನು ಜನರ ಮೇಲೆ ಪರೀಕ್ಷಿಸಿ ನೋಡುವುದಕ್ಕೆ ಒಪ್ಪುವವರು ಬೇಕಾಗಿದ್ದರು. ಅವಳು ಸುಣ್ಣದಣ್ಣನನ್ನು ಕೂರಿಸಿಕೊಂಡು ವಿವರಿಸಿದಳು. ನಮ್ಮ ಜೀವಕೋಶಗಳ ಹೊದಿಕೆ ಗಟ್ಟಿಯಾಗಿ ನಿಲ್ಲುವುದಕ್ಕೆ ಕೊಲೆಸ್ಟರಾಲ್ ಬೇಕು. ಅದು ಸ್ಟೆರಾಲ್ ಎಂಬ ಒಂದು ಬಗೆಯ ಕೊಬ್ಬು. ಈ ಜೀವಿಗೂ ಸ್ಟೆರಾಲ್ ಬೇಕು, ಆದರೆ ಅದರದ್ದು ಬೇರೆ ಜಾತಿ, ಅದನ್ನು ಅದು ತನ್ನೊಳಗೇ ಹಂತ ಹಂತವಾಗಿ ತಯಾರಿಸಿಕೊಳ್ಳುತ್ತದೆ. ಹೃದಯದ ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವಾಗ ಪ್ರತಿಯೊಂದಕ್ಕೂ ಹೊಸ ಹೊದಿಕೆ ಬೇಕಲ್ಲ, ಆಗ ಈ ಕೊಬ್ಬಿಲ್ಲದಿದ್ದರೆ ನಡೆಯುವುದಿಲ್ಲ. ಹೆಚ್ಚುವ ಶಕ್ತಿ ಹೋದರೆ ಕೆಡಿಸುವ ಶಕ್ತಿಯೂ ಹೋದಂತೆ. ಹೊಸ ಮಾತ್ರೆ ಆ ತಯಾರಿಕೆಯ ನಡುವಿನ ಒಂದು ಹಂತಕ್ಕೆ ಕೈ ಹಾಕಿ ಕೆಲಸ ನಿಲ್ಲಿಸುತ್ತದೆ.

ಸುಣ್ಣದಣ್ಣ ತನ್ನ ಮಟ್ಟಿಗೆ ಅದನ್ನು ಅರ್ಥ ಮಾಡಿಕೊಂಡ.

“ಬಣ್ಣಕ್ಕೆ ಅಂಟು ಹಾಕದೆ ಬಳಿದ ಹಾಗೆ. ನೋಡೋಕೆ ಬಣ್ಣ, ಕೈ ಇಟ್ಟರೆ ಪುಡಿ ಉದುರುತ್ತೆ.”

ಹೆಚ್ಚುಕಮ್ಮಿ ಹಾಗೇ ಎಂದು ಡಾಕ್ಟರಮ್ಮ ನಕ್ಕಳು. ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಮೊದಲ ಗಾಜಿನಲ್ಲಿ ಸಣ್ಣ ಬಾಲದ ಜೀವಿಗಳು ಸರಸರನೆ ಹರಿದಾಡುತ್ತಿದ್ದವು. ಇಷ್ಟು ವರ್ಷ ತನ್ನೊಳಗೆ ಇದ್ದವರನ್ನು ಅವನು ಮೊದಲ ಸಲ ನೋಡಿದ. ಹೇಸಿಗೆ ಆಗಬಹುದೆಂದುಕೊಂಡಿದ್ದ, ಆಗಲಿಲ್ಲ. ಚುರುಕಾಗಿ, ಬೆಳ್ಳಿಯ ಎಳೆಯ ಹಾಗಿದ್ದವು. ಎರಡನೆಯ ಗಾಜಿನಲ್ಲಿ ಮಾತ್ರೆಯ ಮದ್ದು ಬಿದ್ದವುಗಳಿದ್ದವು. ಬಾಲ ಸೋತು, ಮೈ ಊದಿ ಗುಂಡಗಾಗಿ, ಕೆಲವು ಒಡೆದೇ ಹೋಗಿದ್ದವು. ಅವನು ಕಣ್ಣು ಎತ್ತಲಿಲ್ಲ, ಇನ್ನೂ ಸ್ವಲ್ಪ ಹೊತ್ತು ನೋಡಲೇ ಎಂದು ಕೇಳಿ ನೋಡುತ್ತಲೇ ಇದ್ದ.

ತಂಗಿಗೂ ಕೊಡಿ ಎಂದಾಗ ಡಾಕ್ಟರಮ್ಮನ ಮುಖ ಬದಲಾಯಿತು. ಹೃದಯ ಕೆಟ್ಟವರನ್ನು ಈ ಪ್ರಯೋಗಕ್ಕೆ ಸೇರಿಸುವಂತಿಲ್ಲ. ಮಾತ್ರೆಯಿಂದ ಏನಾದರೂ ಆದರೆ ರೋಗದ್ದೋ ಮಾತ್ರೆಯದ್ದೋ ತಿಳಿಯುವುದಿಲ್ಲ. ಅಲ್ಲದೆ ಈಗಾಗಲೇ ಸಡಿಲವಾದ ಹೃದಯವನ್ನು ಯಾವ ಮಾತ್ರೆಯೂ ಹಿಂದಿನಂತೆ ಮಾಡುವುದಿಲ್ಲ. ಅವನು ತನ್ನ ಜಾಗವನ್ನು ತಂಗಿಗೆ ಬಿಟ್ಟುಕೊಡುತ್ತೇನೆ ಎಂದ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವನ ಹಾಗೆ ಎದ್ದೂ ನಿಂತ. ಕೂತ್ಕೊಳ್ಳಿ ಎಂದಷ್ಟೇ ಅವಳು ಹೇಳಿದಳು.

ಒಪ್ಪಿದವರಲ್ಲಿ ಯಾರಿಗೆ ಹೊಸದು, ಯಾರಿಗೆ ಹಳೆಯದು ಎಂದು ಚೀಟಿ ಎತ್ತಿದಾಗ ಅವನ ಪಾಲಿಗೆ ಹೊಸ ಮಾತ್ರೆಯೇ ಬಂತು. ಎರಡು ತಿಂಗಳು, ಬೆಳಗ್ಗೆ ಒಂದು, ಸಂಜೆ ಒಂದು. ಮೊದಲ ವಾರ ಸಂಜೆಯ ಮಾತ್ರೆಗಳನ್ನು ನುಂಗದೆ, ಉಜ್ಜುವ ಕಾಗದದ ತುಂಡಿನಲ್ಲಿ ಸುತ್ತಿ ಜೇಬಿನಲ್ಲಿಟ್ಟ. ವಾರ ಮುಗಿದ ಸಂಜೆ ತಂಗಿಯ ಮೆಷಿನ್ ಮೇಲೆ ಆ ಪೊಟ್ಟಣ ಇಟ್ಟು, ಅರ್ಧ ನಿನಗೆ, ಯಾರಿಗೂ ಹೇಳಬೇಡ ಎಂದ.

ಅವಳು ಬಿಚ್ಚಿ ನೋಡಿದಳು. ಇಷ್ಟು ವರ್ಷದಲ್ಲಿ ಅವನು ಅವಳ ಸಿಟ್ಟು ಕಂಡದ್ದು ಕಮ್ಮಿ.

“ಅವತ್ತು ರಕ್ತ ಕೊಟ್ಟೆ, ಇವತ್ತು ಮಾತ್ರೆ ತಂದಿದ್ದೀಯ. ನಾನೇನು ನಿನ್ನ ಹತ್ರ ಎಲ್ಲ ಬೇಡ್ಕೊಂಡೇ ಬದುಕಬೇಕಾ ಅಣ್ಣ?”

“ಹಾಗಲ್ಲ ಪುಟ್ಟಿ.”

“ಹಾಗೇ. ನಿನ್ನ ಬೀಗರಾದ್ರೂ ಹೊರಡ್ಲಿ. ಇಬ್ಬರ ಮನೇನೂ ಬೀಳೋದು ಬೇಡ.”

ಸಂಜೆಯ ಮಾತ್ರೆಯನ್ನು ಅವನು ಅವಳ ಕಣ್ಣೆದುರೇ ನುಂಗಬೇಕಾಯಿತು. ಅವತ್ತಿನಿಂದ ಅದೇ ಪದ್ಧತಿ ಉಳಿಯಿತು. ಊಟಕ್ಕೆ ಮುಂಚೆ ಅವಳು ನೀರಿನ ಲೋಟ ಹಿಡಿದು ನಿಲ್ಲುವಳು, ಅವನು ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದು ನಾಲಿಗೆ ತೋರಿಸುವನು, ತಂಗಿಯ ಮಗಳು, ಅವನ ಸೋದರಸೊಸೆ, ಅಡುಗೆಮನೆಯಿಂದ ಇಣುಕಿ ಮಾವನನ್ನು ಗೇಲಿ ಮಾಡುವಳು. ಭಾವನೂ ನಗುತ್ತಿದ್ದ. ಅವನು ಬಹಳ ದಿನದಿಂದ ಕೊಲೆಸ್ಟರಾಲ್ ಇಳಿಸುವ ಮಾತ್ರೆ ನುಂಗುತ್ತಿದ್ದವನು. ಕೊಬ್ಬಿನ ಅಂಗಡಿ ಮುಚ್ಚಿಸೋ ಗಂಡಸರು ನಮ್ಮ ಮನೆಯಲ್ಲಿ ಇಬ್ಬರಾದರು ಎಂದು ತಂಗಿ ಹೇಳುತ್ತಿದ್ದಳು.

ಮಾತ್ರೆ ಕೆಲಸ ಮಾಡಿತು. ಎರಡನೇ ವಾರದ ಪರೀಕ್ಷೆಯಲ್ಲೇ ಅವನ ರಕ್ತದಲ್ಲಿ ಆ ಜೀವಿಯ ಸುಳಿವಿರಲಿಲ್ಲ. ತಿಂಗಳಾದ ಮೇಲೂ ಇಲ್ಲ, ಮಾತ್ರೆ ಮುಗಿದ ದಿನವೂ ಇಲ್ಲ. ಡಾಕ್ಟರಮ್ಮ ಮೇಲೆ ತೋರಿಸಿಕೊಳ್ಳದಿದ್ದರೂ ಅವತ್ತು ಅವನಿಗೆ ತಾನೇ ಚಹಾ ತರಿಸಿಕೊಟ್ಟಳು. ಹೊಸ ಮಾತ್ರೆ ತೆಗೆದುಕೊಂಡ ಎಲ್ಲರದೂ ಹೀಗೇ ಇದೆ ಎಂದಳು. ಅವನು ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದ. ದಾರಿಯುದ್ದಕ್ಕೂ ಕಂಡವರನ್ನೆಲ್ಲ ಮಾತಾಡಿಸಿದ. ಇದು ಗೆದ್ದರೆ ಮುಂದೆ ಹೃದಯ ಕೆಟ್ಟವರಿಗೂ ಕೊಟ್ಟೇ ಕೊಡುತ್ತಾರೆ, ತಂಗಿಗೂ ಸಿಗುತ್ತದೆ ಎಂದು ಅವನ ತಲೆಯಲ್ಲಿ ಓಡುತ್ತಿತ್ತು. ಹಾಗೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಅವನ ರಕ್ತ ಶುದ್ಧವಾಗಿದ್ದ ಆ ತಿಂಗಳುಗಳಲ್ಲೇ ತಂಗಿ ಇಳಿಯುತ್ತಾ ಹೋದಳು. ಬಟ್ಟೆ ಕತ್ತರಿಸುತ್ತ ನಿಂತವಳು ಒಂದು ಮಧ್ಯಾಹ್ನ ಕತ್ತರಿ ಹಿಡಿದೇ ಬಿದ್ದಳು. ಹೃದಯದ ಬಡಿತದ ಲಯ ತಪ್ಪಿತ್ತು. ಕೊರಳೆಲುಬಿನ ಕೆಳಗೆ ಚರ್ಮ ಸೀಳಿ ಪೇಸ್‌ಮೇಕರ್ ಇಟ್ಟರು. ಕಾಲು ಊದತೊಡಗಿತು. ಮೆಷಿನ್ ತುಳಿಯಬೇಡಿ ಎಂದರು, ಭಾವ ಅದಕ್ಕೆ ಮೋಟಾರು ಕಟ್ಟಿಸಿದ. ಮೋಟಾರು ಬಟ್ಟೆಯನ್ನು ಎಳೆದುಕೊಂಡು ಓಡುತ್ತದೆ, ನನ್ನ ಮಾತು ಕೇಳುವುದಿಲ್ಲ ಎಂದು ಅವಳು ದೂರುತ್ತಿದ್ದಳು. ಕೆಳಗಿನ ಮಹಡಿಯಲ್ಲಿ ಮನೆ ಹುಡುಕಿದರು, ಖಾಲಿ ಇದ್ದದ್ದು ಒಂದೂ ಸಿಗಲಿಲ್ಲ. ಸುಣ್ಣದಣ್ಣನಿಗೆ ಏನು ಮಾಡಲೂ ತೋಚದೆ, ಅವಳು ಬೇಡವೆಂದರೂ ಮನೆಗೆ ಬಣ್ಣ ಹೊಡೆಯುವುದಕ್ಕೆ ನಿಂತ. ವಾಸನೆಗೆ ಅವಳಿಗೆ ಉಸಿರು ಕಟ್ಟಿದ್ದರಿಂದ ಮೊದಲ ದಿನವೇ ನಿಲ್ಲಿಸಬೇಕಾಯಿತು. ಒಂದು ಗೋಡೆ ಕೆರೆದದ್ದು ಹಾಗೇ ಉಳಿಯಿತು.

ಮಾತ್ರೆ ನಿಲ್ಲಿಸಿ ಆರು ತಿಂಗಳಾಗುವ ಹೊತ್ತಿಗೆ ಅವನ ರಕ್ತದಲ್ಲಿ ಆ ಜೀವಿ ಮತ್ತೆ ಕಾಣಿಸಿತು.

ಡಾಕ್ಟರಮ್ಮ ಅವತ್ತು ಸುತ್ತಿ ಬಳಸಿ ಮಾತಾಡಲಿಲ್ಲ. ಹೊಸ ಮಾತ್ರೆ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಮರಳಿ ಬಂದಿದೆ ಎಂದಳು. ಸುಣ್ಣದಣ್ಣ ಮೊದಲ ವಾರ ಸಂಜೆಯ ಮಾತ್ರೆ ಕದ್ದಿಟ್ಟದ್ದನ್ನು ಹೇಳಿದ. ಅದರಿಂದಲೇ ಹೀಗಾಯಿತೇ ಎಂದು ಕೇಳಿದ. ಅವಳು ಬೈಯಲಿಲ್ಲ. ಒಂದೂ ತಪ್ಪಿಸದೆ ನುಂಗಿದವರಿಗೂ ಬಂದಿದೆ, ನಿಮ್ಮ ಒಂದು ವಾರದಿಂದ ಏನೂ ಆಗಿಲ್ಲ ಎಂದಳು. ಕನಿಷ್ಠ ತನ್ನ ತಪ್ಪಾದರೂ ಆಗಿದ್ದರೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಇರುತ್ತಿತ್ತು ಎನ್ನಿಸಿತು ಅವನಿಗೆ.

“ಮತ್ತೆ ನಾನು ಕಣ್ಣಾರೆ ನೋಡಿದ್ನಲ್ಲ. ಊದಿ ಒಡೀತಿದ್ವು.”

“ಅವು ಗಾಜಿನ ಮೇಲೆ, ಹೆಚ್ಚಾಗ್ತಾ ಇದ್ದವು. ಹೃದಯದ ಮಾಂಸದೊಳಗೆ ಕೆಲವು ನಿದ್ದೆ ಮಾಡ್ತಾ ಇರ್ತವೆ ಅಂತ ಈಗ ನಮಗೆ ಅನ್ನಿಸ್ತಿದೆ. ನಿದ್ದೆ ಮಾಡೋದಕ್ಕೆ ಹೊಸ ಹೊದಿಕೆ ಯಾಕೆ ಬೇಕು? ಇರೋ ಕೊಬ್ಬಲ್ಲೇ ಕಾಲ ಹಾಕ್ತವೆ. ಸಾಲದಿದ್ರೆ ನಮ್ಮ ಕೊಲೆಸ್ಟರಾಲನ್ನೇ ಸ್ವಲ್ಪ ಎಳ್ಕೋತವೋ ಏನೋ. ಮಾತ್ರೆ ನಿಂತ ಮೇಲೆ ಏಳ್ತವೆ.”

ಅವನು ಮೂಲೆಯ ತೇವದ ಕಲೆ ನೋಡುತ್ತ ಕೂತ. ಅದು ಮುಂಚಿಗಿಂತ ಅಗಲವಾಗಿತ್ತು. ಅವಳು ಕೈಯಲ್ಲಿದ್ದ ಪೆನ್ನನ್ನು ಮುಚ್ಚುತ್ತ ತೆರೆಯುತ್ತ, ನಾವು ಅವುಗಳ ಬಗ್ಗೆ ಇಷ್ಟೆಲ್ಲ ತಿಳ್ಕೊಂಡ್ವಿ, ಸಾಲಲಿಲ್ಲ ಎಂದಳು. ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ಅವಳನ್ನು ಸಮಾಧಾನ ಮಾಡಬೇಕೆನ್ನಿಸಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳ ಕಡೆ ಸರಿಸಿದ.

ಸಂಜೆ ತಂಗಿಗೆ ಹೇಳಿದ. ಅವಳು ದಿಂಬಿಗೆ ಒರಗಿ ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದಳು. ದಾರ ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಅಂಗಿಗೆ ಸಿಕ್ಕಿಸಿದಳು.

“ಅಂದ್ರೆ ನಾನು ಆ ಪೊಟ್ಟಣ ತಗೊಂಡಿದ್ರೂ ಇಷ್ಟೇ ಆಗ್ತಿತ್ತು.”

“ಇಷ್ಟೇ.”

“ಹಾಗಾದ್ರೆ ನಿನ್ನನ್ನ ಬೈದಿದ್ದು ದಂಡ ಆಯ್ತು ಬಿಡು.”

ಅವಳು ನಕ್ಕಳು. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲುವ ತನಕ ಅವನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತ. ಅಂಗಿಯ ಕೆಳಗೆ ಮೂಳೆಗಳು ಕೈಗೆ ಸಿಗುತ್ತಿದ್ದವು. ಇವಳೇ ತನಗೆ ಮೈ ಬಂದಿದೆ ಎಂದವಳು.

ಹೊಸ ಮಾತ್ರೆ ಸೋತವರಿಗೆಲ್ಲ ಹಳೆಯ ಔಷಧ ಕೊಡುವುದೆಂದು ನಿಶ್ಚಯವಾಯಿತು. ಅವನಿಗೆ ಮನಸ್ಸಿರಲಿಲ್ಲ, ತಂಗಿ ಹಟ ಹಿಡಿದಳು. ಹತ್ತು ದಿನಕ್ಕೆ ಮೈಯೆಲ್ಲ ಕೆಂಪಗೆ ದದ್ದು ಎದ್ದಿತು. ಅಂಗೈ ಸುಲಿದು ಬ್ರಷ್ಷು ಹಿಡಿಯಲಾಗಲಿಲ್ಲ, ಬಾಯೊಳಗೂ ಹುಣ್ಣಾಯಿತು. ಆದರೂ ಬಿಡಲಿಲ್ಲ. ಕೊನೆಗೆ ಜ್ವರ ಬಂದು ಮುಖ ಬಾತುಕೊಂಡಾಗ ಡಾಕ್ಟರಮ್ಮ ತಾನೇ ನಿಲ್ಲಿಸಿದಳು. ಇದನ್ನು ಇನ್ನು ಮುಟ್ಟಬೇಡಿ, ಬೀಗರಿಗಿಂತ ಮೊದಲು ಇದೇ ನಿಮ್ಮನ್ನು ತೆಗೆದುಬಿಡುತ್ತೆ ಎಂದಳು. ಆ ಹೆಸರು ಅಷ್ಟರಲ್ಲಿ ಅವಳ ಬಾಯಿಗೂ ಹತ್ತಿತ್ತು. ಬೇರೆ ಔಷಧ ಈಗ ಇಲ್ಲ, ವರ್ಷಕ್ಕೊಂದು ಸಲ ಇಸಿಜಿ ಮಾಡಿಸಿಕೊಳ್ಳುತ್ತ ಇರಿ, ಬಂದಾಗ ನೋಡೋಣ ಎಂದು ಹೇಳಿ ಕಳಿಸಿದಳು.

ಆಸ್ಪತ್ರೆಯಿಂದ ಅವನು ನೇರವಾಗಿ ತಂಗಿಯ ಮನೆಗೆ ಹೊರಟ. ಮಧ್ಯಾಹ್ನದ ಹೊತ್ತು, ಕಟ್ಟಡದಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ತಂಗಿ ಮೆಟ್ಟಿಲ ಮೇಲೆ ಕೂತು ಗೋಡೆಗೆ ತಲೆ ಆನಿಸಿದ್ದಳು. ಪಕ್ಕದಲ್ಲಿ ಹೊಲಿದ ಅಂಗಿಗಳ ಚೀಲ ಇತ್ತು. ಕೆಳಗೆ ತಲುಪಿಸುವುದಕ್ಕೆ ಮಗಳ ಕೈಗೆ ಕೊಡು ಎಂದು ಎಷ್ಟು ಹೇಳಿದರೂ ಕೇಳುವವಳಲ್ಲ. ದಣಿವಾರಿಸಿಕೊಳ್ಳಲು ಅವಳು ಹಾಗೆ ಕೂರುವುದು ಹೊಸತಲ್ಲವಾದ್ದರಿಂದ ಅವನು ಎಬ್ಬಿಸಲಿಲ್ಲ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಅವಳಿಗೆ ಬೆನ್ನು ಮಾಡಿ ಕೂತ. ಸುಲಿದ ಅಂಗೈ ನೋಡಿಕೊಳ್ಳುತ್ತ ಹೇಳತೊಡಗಿದ. ಔಷಧ ನಿಲ್ಲಿಸಿದರು, ಇನ್ನು ಏನೂ ಇಲ್ಲವಂತೆ, ಇಬ್ಬರೂ ಒಂದೇ ಕಡೆ ಬಂದು ನಿಂತೆವು ಎಂದ. ನೀನು ಹೇಳಿದ ಹಾಗೆ ತಿಗಣೆಯೇ ಇರಬಹುದು, ಅವತ್ತು ಆ ಮನೆಯಲ್ಲಿ ನನ್ನ ಕಣ್ಣು ಊದಿದಾಗ ನೀನಿನ್ನೂ ಹುಟ್ಟಿಯೇ ಇರಲಿಲ್ಲ ಅಂದುಕೊಂಡಿದ್ದೆ, ಲೆಕ್ಕ ಹಾಕಿದರೆ ಹುಟ್ಟಿದ್ದೆ, ನನ್ನ ಪಕ್ಕದಲ್ಲೇ ಮಲಗಿದ್ದೆ ಎಂದ. ಇಷ್ಟು ದಿನ ಅವನು ವಾದದಲ್ಲಿ ಒಂದು ಹೆಜ್ಜೆಯೂ ಬಿಟ್ಟುಕೊಟ್ಟಿರಲಿಲ್ಲ. ಅವಳು ಗೆದ್ದೆ ಎನ್ನುತ್ತಾಳೆಂದು ಕಾದ.

ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದ. ಅವಳ ಕೈ ಮಡಿಲಿನಿಂದ ಜಾರಿ ಮೆಟ್ಟಿಲ ಮೇಲೆ ಅಂಗಾತ ಬಿದ್ದಿತ್ತು.

ಅವನು ಕೂಗಲಿಲ್ಲ. ಅವಳ ಹೆಸರನ್ನು ಒಂದೆರಡು ಸಲ ಕರೆದ, ಪುಟ್ಟಿ ಎಂದಲ್ಲ, ಅಪ್ಪ ಇಟ್ಟ ಹೆಸರನ್ನು. ಆಮೇಲೆ ಅವಳನ್ನು ಎತ್ತಿಕೊಂಡು ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ ತಿಳಿಯದೆ ಹಾಗೇ ತೋಳಲ್ಲಿ ಆನಿಸಿಕೊಂಡು ಕೂತ. ಕೆಳಗಿನ ಮನೆಯ ಮುದುಕಿ ಬಾಗಿಲು ತೆರೆದು ನೋಡಿದ ಮೇಲೆಯೇ ಭಾವನ ಪ್ರೆಸ್ಸಿಗೆ, ಸೊಸೆಯ ಅಂಗಡಿಗೆ ಸುದ್ದಿ ಹೋದದ್ದು. ಡಾಕ್ಟರು ಆಮೇಲೆ ಹೇಳಿದ ಪ್ರಕಾರ ಅವಳಿಗೆ ನೋವೇ ಆಗಿರಲಿಕ್ಕಿಲ್ಲ, ಕೂತವಳಿಗೆ ಬಡಿತ ನಿಂತಿದೆ ಅಷ್ಟೇ. ಅವನು ಬಂದದ್ದು ಅದಕ್ಕಿಂತ ಮುಂಚೆಯೋ ಆಮೇಲೆಯೋ ಎಂಬುದನ್ನು ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಭಾವ ಮೆಷಿನ್ನನ್ನು ಕಿಟಕಿಯ ಪಕ್ಕದಿಂದ ತೆಗೆಯಲಿಲ್ಲ. ಸೊಸೆ ಅಡುಗೆ ಕಲಿತಳು, ಮೊದಮೊದಲು ಎಲ್ಲದಕ್ಕೂ ಉಪ್ಪು ಹೆಚ್ಚು. ಸುಣ್ಣದಣ್ಣ ಸಂಜೆ ಊಟಕ್ಕೆ ಹೋಗುವುದನ್ನು ನಿಲ್ಲಿಸಿದ್ದ, ಅವಳೇ ಬಂದು ಕೈಹಿಡಿದು ಎಳೆದುಕೊಂಡು ಹೋದಳು. ಮೂವರೂ ಕೂತು ಉಣ್ಣುತ್ತಾರೆ, ಮಾತು ಕಮ್ಮಿ. ಭಾವನ ಮಾತು ಮುಂಚೆಯೇ ಕಮ್ಮಿ, ಈಗ ಇವನದೂ ಸೇರಿತು.

ಒಂದು ವರ್ಷವಾದ ಮೇಲೆ ಅವನು ಇಸಿಜಿಗೆ ಹೋದ. ಎದೆಗೆ ತಣ್ಣನೆಯ ಲೋಹದ ಬಿಲ್ಲೆಗಳನ್ನು ಅಂಟಿಸಿದರು. ಅವನು ಕಣ್ಣು ಮುಚ್ಚಿ, ಈ ಸಲ ಏನಾದರೂ ಸಿಕ್ಕೇ ಸಿಗುತ್ತದೆ ಎಂದುಕೊಂಡು ಮಲಗಿದ. ಒಳಗೊಳಗೇ ಸಿಗಲಿ ಎಂದೂ ಅನ್ನಿಸಿತು. ಡಾಕ್ಟರಮ್ಮ ಯಂತ್ರದಿಂದ ಬಂದ ಕಾಗದವನ್ನು ಉದ್ದಕ್ಕೆ ಹಿಡಿದು ನೋಡಿದಳು.

“ಚೆನ್ನಾಗಿದೆ. ಒಂದು ಗೆರೆಯೂ ವ್ಯತ್ಯಾಸ ಇಲ್ಲ. ನಿಮ್ಮ ವಯಸ್ಸಿನವರಿಗೆ ಇಷ್ಟು ಗಟ್ಟಿ ಹೃದಯ ಇರೋದು ಅಪರೂಪ.”

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಒಳಗೆ ಅವರು ಇದ್ದಾರೆ ತಾನೇ ಎಂದು ಕೇಳಿದ. ಇದ್ದಾರೆ ಎಂದಳು ಅವಳು. ಹೊಸದೇನಾದರೂ ಬಂದರೆ ಕರೆಯುತ್ತೇನೆ, ಬರುತ್ತೀರಾ ಎಂದು ಕೇಳಿದಳು. ಬರುತ್ತೇನೆ ಎಂದ.

ಹೊರಗೆ ಬಿಸಿಲಿತ್ತು. ಒಳ್ಳೆಯ ಸುದ್ದಿ ಎಂದು ಅವಳು ಹೇಳಿದ್ದನ್ನು ಯಾರಿಗಾದರೂ ತಲುಪಿಸಬೇಕಲ್ಲ ಎಂದು ಅವನು ಗೇಟಿನ ಹತ್ತಿರ ನಿಂತ. ಸೊಸೆಗೆ ಹೇಳಬಹುದಿತ್ತು. ಆದರೆ ಅಮ್ಮನ ಹೃದಯ ಸೋತಲ್ಲಿ ಮಾವನದು ಗಟ್ಟಿಯಾಗಿದೆ ಎಂದು ಆ ಹುಡುಗಿಗೆ ಯಾವ ಬಾಯಲ್ಲಿ ಹೇಳುವುದು? ಭಾವನಿಗೆ ಹೇಳಿದರೆ ಒಳ್ಳೆಯದಾಯಿತು ಎನ್ನುತ್ತಾನೆ, ಮನಸಾರೆಯೇ ಎನ್ನುತ್ತಾನೆ, ಅದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಬಸ್ಸು ಬಂತು, ಹತ್ತಲಿಲ್ಲ. ಎರಡನೆಯದೂ ಹೋಯಿತು. ಅವತ್ತು ಅವನು ಕೆಲಸ ಒಪ್ಪಿಕೊಂಡಿದ್ದ ಮನೆಯಲ್ಲಿ ನಡುಮನೆಯ ಗೋಡೆ ಉಜ್ಜುವುದು ಬಾಕಿ ಇತ್ತು. ಮನೆಯವರು ಅವಸರದಲ್ಲಿದ್ದರು. ಕೊನೆಗೆ ಅವನು ಆ ಕಡೆಗೇ ನಡೆಯತೊಡಗಿದ.